ಬಾನೆಟ್ಟಿನ ಹೆಸರು, ಬಿಡಿಭಾಗದ ಚಿಂತೆ

2024ರ ಸೆಪ್ಟೆಂಬರ್ 1ರಂದು ಟ್ರ್ಯಾಕ್ಟರ್ ತಯಾರಕ ಕುಬೋಟಾದ ಭಾರತೀಯ ಮಾರಾಟ ಕಂಪನಿಯೂ, ಎಸ್ಕಾರ್ಟ್ಸ್ ಜತೆ ಸೇರಿ ಕಟ್ಟಿದ್ದ ಜಂಟಿ ಕಂಪನಿಯೂ ಫರೀದಾಬಾದಿನ ಎಸ್ಕಾರ್ಟ್ಸ್ ಕುಬೋಟಾ ಲಿಮಿಟೆಡ್‌ನಲ್ಲಿ ವಿಲೀನವಾದವು. ನಾಲ್ಕೂವರೆ ವರ್ಷ ಹಂತಹಂತವಾಗಿ ನಡೆದ ವ್ಯವಹಾರ ಅಲ್ಲಿಗೆ ಮುಗಿಯಿತು. 2020ರಲ್ಲಿ ಜಪಾನಿನ ಕುಬೋಟಾ ಎಸ್ಕಾರ್ಟ್ಸ್‌ನ ಶೇ 9ರಷ್ಟು ಷೇರು ಕೊಂಡಿತ್ತು. 2021ರ ನವೆಂಬರ್‌ನಲ್ಲಿ ಷೇರೊಂದಕ್ಕೆ 2,000 ರೂಪಾಯಿಯಂತೆ ಇನ್ನಷ್ಟು ಕೊಳ್ಳುವುದಾಗಿ ಘೋಷಿಸಿತು. 2022ರಲ್ಲಿ ಕಂಪನಿಯ ಹೆಸರೇ ಬದಲಾಯಿತು. 1944ರಲ್ಲಿ ನಂದಾ ಸಹೋದರರು ಹುಟ್ಟುಹಾಕಿದ ಎಸ್ಕಾರ್ಟ್ಸ್‌ನ ಫಾರ್ಮ್‌ಟ್ರ್ಯಾಕ್ ಮತ್ತು ಪವರ್‌ಟ್ರ್ಯಾಕ್, ಜಪಾನಿನ ಕುಬೋಟಾ ಹೀಗೆ ಮೂರು ಹೆಸರುಗಳಿಗೂ ಈಗ ಒಬ್ಬನೇ ಯಜಮಾನ.

ಇದನ್ನು ಷೇರುಪೇಟೆಯ ಸುದ್ದಿಯೆಂದು ಓದಿ ಮುಗಿಸಬಹುದು. ಆದರೆ ಮನೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವರಿಗೆ, ತಾಲ್ಲೂಕು ಕೇಂದ್ರದಲ್ಲಿ ಶೋರೂಮ್ ಹಾಕಿದವರಿಗೆ ಇದು ಬದುಕಿನ ಪ್ರಶ್ನೆ. ರೈತ ಕೇಳುವುದು ಎರಡು ಮಾತು: ಸ್ಪೇರ್ ಸಿಗುತ್ತದೆಯೇ, ನಾಳೆ ಮಾರಿದರೆ ಬೆಲೆ ಬರುತ್ತದೆಯೇ. ಡೀಲರ್ ಕೇಳುವುದು ಒಂದೇ: ನನ್ನ ಅಂಗಡಿ ಉಳಿಯುತ್ತದೆಯೇ. ವಿಲೀನದ ಪರವಾಗಿಯೂ ವಿರುದ್ಧವಾಗಿಯೂ ಗಟ್ಟಿಯಾದ ಮಾತುಗಳಿವೆ. ಎರಡನ್ನೂ ನಮ್ಮಲ್ಲೇ ನಡೆದುಹೋದ ಉದಾಹರಣೆಗಳಿಟ್ಟು ತೂಗಿ ನೋಡುವುದು ಒಳ್ಳೆಯದು.

ಮೊದಲು ಸ್ವರಾಜ್. ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ ಯಂತ್ರ ಅದು. ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿ ಮೊಹಾಲಿಯಲ್ಲಿ ಅದನ್ನು 1974ರಿಂದ ತಯಾರಿಸಿತು. 2007ರಲ್ಲಿ ಮಹೀಂದ್ರ ಆ ಕಂಪನಿಯ ಹಿಡಿತ ಪಡೆದು, 2009ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. ಪ್ರತಿಸ್ಪರ್ಧಿಯನ್ನು ಕೊಂಡವನು ಅದನ್ನು ಬದುಕಲು ಬಿಡುತ್ತಾನೆಯೇ ಎಂಬ ಅನುಮಾನ ಸಹಜವಾಗಿತ್ತು. ಆದರೆ 735, 744, 855 ಮಾಡೆಲ್‌ಗಳು ಹೋಗಲಿಲ್ಲ, ಮೊಹಾಲಿಯ ಕಾರ್ಖಾನೆ ನಿಲ್ಲಲಿಲ್ಲ, ಡೀಲರ್‌ಗಳೂ ಮಹೀಂದ್ರದವರಿಂದ ಬೇರೆಯಾಗಿಯೇ ಉಳಿದರು. ಒಂದೇ ಊರಿನಲ್ಲಿ ಎರಡೂ ಶೋರೂಮುಗಳು ಇಂದಿಗೂ ಎದುರುಬದುರು ಪೈಪೋಟಿ ನಡೆಸುತ್ತಿವೆ.

ಐಷರ್ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ಭಾರತದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂದಿತ್ತು. 2005ರಲ್ಲಿ ಮೋಟಾರ್ ಸೈಕಲ್ ಮತ್ತು ಟ್ರಕ್ಕುಗಳ ಕಡೆ ಗಮನ ಹರಿಸಲು ಐಷರ್ ತನ್ನ ಟ್ರ್ಯಾಕ್ಟರ್ ವ್ಯವಹಾರವನ್ನು 310 ಕೋಟಿ ರೂಪಾಯಿಗೆ ಚೆನ್ನೈನ ಟಾಫೆಗೆ ಮಾರಿತು. ಮ್ಯಾಸ್ಸಿ ಫರ್ಗ್ಯೂಸನ್ ಮಾರುತ್ತಿದ್ದ ಟಾಫೆ, ಐಷರ್ ಹೆಸರನ್ನೂ ಉಳಿಸಿಕೊಂಡಿತು.

ಈಗ ಎಚ್‌ಎಂಟಿಯನ್ನು ನೋಡಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಈ ಸರ್ಕಾರಿ ಕಂಪನಿ ಜೆಕೊಸ್ಲೊವಾಕಿಯದ ಜೆಟರ್ ನೆರವಿನಿಂದ ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಟ್ರ್ಯಾಕ್ಟರ್ ಮಾಡುತ್ತಿತ್ತು. ಅದರ 5911 ಮಾಡೆಲ್‌ನ ಎಳೆಯುವ ತಾಕತ್ತನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಅದನ್ನು ಯಾರೂ ಕೊಳ್ಳಲಿಲ್ಲ, ಯಾರ ಜತೆಯೂ ಅದು ಸೇರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆಮೇಲೆ 5911 ಇಟ್ಟುಕೊಂಡವರು ಹೊರಗಿನ ತಯಾರಕರ ಬಿಡಿಭಾಗ, ಗುಜರಿಯಲ್ಲಿ ಬಿಚ್ಚಿದ ಸಾಮಾನು, ಹಳೆ ಮೆಕ್ಯಾನಿಕ್‌ನ ಕೈಚಳಕ ಇಷ್ಟನ್ನೇ ನಂಬಬೇಕಾಯಿತು. ವಿಲೀನ ಎಂದೊಡನೆ ಬೆಚ್ಚುವವರಿಗೆ ನಾನು ನೆನಪಿಸುವುದು ಇದನ್ನೇ. ದುರ್ಬಲವಾದ ಕಂಪನಿಯ ಮುಂದೆ ಸ್ವತಂತ್ರವಾಗಿ ಉಳಿಯುವ ದಾರಿ ಯಾವಾಗಲೂ ತೆರೆದಿರುವುದಿಲ್ಲ. ಎಷ್ಟೋ ಸಲ ಮಾರಿಕೊಳ್ಳುವುದು, ಇಲ್ಲವೇ ಮುಚ್ಚುವುದು, ಇವೆರಡೇ ಉಳಿಯುತ್ತವೆ.

ಕಂಪನಿಗಳು ಕೂಡುವುದಕ್ಕೆ ಒಳಗಿನ ಕಾರಣವೂ ಇದೆ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಬಂತು. ಹಳೆ ಯಾಂತ್ರಿಕ ಪಂಪ್ ಸಾಲದು, ಕಾಮನ್ ರೈಲ್ ಡೀಸೆಲ್ ವ್ಯವಸ್ಥೆ, ಸೆನ್ಸರ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಬೇಕು. ಇಂಥ ಎಂಜಿನ್ ರೂಪಿಸಿ ಪರೀಕ್ಷಿಸುವ ಖರ್ಚನ್ನು ಸಣ್ಣ ಕಂಪನಿಯೊಂದು ಒಂಟಿಯಾಗಿ ಹೊರುವುದು ಕಷ್ಟ. ಕುಬೋಟಾಗೆ ಎಂಜಿನ್ ತಂತ್ರಜ್ಞಾನ ಇತ್ತು, ಭಾರತದ ಹಳ್ಳಿಹಳ್ಳಿಗೆ ಹೋಗುವ ಜಾಲ ಇರಲಿಲ್ಲ. ಎಸ್ಕಾರ್ಟ್ಸ್‌ಗೆ ಜಾಲ ಇತ್ತು, ಕಡಿಮೆ ವೆಚ್ಚದಲ್ಲಿ ತಯಾರಿಸುವ ಅನುಭವ ಇತ್ತು. ರೈತನಿಗೆ ಇದರಿಂದ ಒಳ್ಳೆಯ ಎಂಜಿನ್ ಕೈಗೆಟುಕುವ ಬೆಲೆಗೆ ಬರಬಹುದು ಎಂಬ ವಾದದಲ್ಲಿ ಹುರುಳಿದೆ.

ಹೆಸರು ಹೋಗಿ ಯಂತ್ರ ಉಳಿದ ಅನುಭವವೂ ಎಸ್ಕಾರ್ಟ್ಸ್‌ಗೆ ಹೊಸದಲ್ಲ. ಅದು ಮೊದಲು ಫೋರ್ಡ್ ಜತೆಗೂಡಿ ಫೋರ್ಡ್ 3600 ತಯಾರಿಸುತ್ತಿತ್ತು. ಅಮೆರಿಕದಲ್ಲಿ ಫೋರ್ಡ್ ತನ್ನ ಟ್ರ್ಯಾಕ್ಟರ್ ವ್ಯವಹಾರವನ್ನೇ ಫಿಯೆಟ್‌ಗೆ ಮಾರಿಬಿಟ್ಟಾಗ ಆ ಹೆಸರು ಇಲ್ಲಿಯೂ ಕೈತಪ್ಪಿತು. ಎಸ್ಕಾರ್ಟ್ಸ್ ಅದೇ ಬುನಾದಿಯ ಯಂತ್ರವನ್ನು ಫಾರ್ಮ್‌ಟ್ರ್ಯಾಕ್ ಎಂದು ಮಾರತೊಡಗಿತು. ಹಳೆ ಫೋರ್ಡ್ ಇದ್ದವರು ಫಾರ್ಮ್‌ಟ್ರ್ಯಾಕ್ 60ರ ಹಲವು ಬಿಡಿಭಾಗಗಳನ್ನು ಹಾಕಿಸಿಕೊಂಡು ಕೆಲಸ ನಡೆಸಿದರು. ಬಾನೆಟ್ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ ಅದರ ಕೆಳಗಿನ ಸಾಮಾನು ತಯಾರಾಗುತ್ತಿದೆಯೇ ಎನ್ನುವುದು ಮುಖ್ಯ ಎಂದು ಆಗ ಕಂಡಿತು.

ಆ ಸಾಮಾನಿನ ಬೆಲೆ ತಿಳಿಯಬೇಕಾದರೆ ಮಳೆಗಾಲದ ನಾಟಿಯ ಹೊತ್ತಿಗೆ ಗಂಗಾವತಿ, ಸಿಂಧನೂರು ಕಡೆ ಹೋಗಬೇಕು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆ ಕಲಸುವ ಕೆಲಸ ಒಟ್ಟಿಗೇ ಶುರುವಾಗುತ್ತದೆ. ಕೇಜ್ ವೀಲ್ ಹಾಕಿದ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಮುಂದಿನ ಆಕ್ಸಲ್ ಮುಳುಗುವಷ್ಟು ಕೆಸರಿನಲ್ಲಿ ದಿನವಿಡೀ ತಿರುಗುತ್ತದೆ. ಅಲ್ಲಿನ ಆಯಿಲ್ ಸೀಲ್ ಸವೆದರೆ ಎಣ್ಣೆ ಹೊರಗೆ ಸೋರಿ, ಕೆಸರುನೀರು ಒಳಗೆ ಇಳಿಯುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಹಾಗೆಯೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಗೇರಿನ ಹಲ್ಲು ತಿಂದುಹೋಗುತ್ತದೆ. ಸಣ್ಣ ಸೀಲಿನ ಖರ್ಚು ದೊಡ್ಡ ರಿಪೇರಿಗೆ ಏರುತ್ತದೆ. ಟ್ರ್ಯಾಕ್ಟರ್ ನಿಲ್ಲಿಸಿದರೆ ಗಂಟೆ ಲೆಕ್ಕದ ಬಾಡಿಗೆ ಹೋಯಿತು, ಸಸಿಮಡಿಯಲ್ಲಿ ಪೈರು ಬಲಿಯಿತು, ನಾಟಿಗೆ ಹೇಳಿಟ್ಟ ಆಳುಗಳು ಬೇರೆ ಗದ್ದೆಗೆ ಹೋದರು.

“ಅಣ್ಣಾ, ಸೀಲ್ ಬಂತೇನ್ರಿ?”

“ಸಂಜಿಗೆ ಬರ್ತೈತ್ರೀ, ಹೊಸಪೇಟಿಯಿಂದ ಬಸ್ಸಿಗೆ ಹಾಕ್ಯಾರ.”

ಈ ಎರಡು ಸಾಲಿನ ಮಾತುಕತೆ ಸರಿಯಾಗಿ ನಡೆಯುತ್ತಿದ್ದರೆ ವಿಲೀನ ಯಶಸ್ವಿ. ನಡೆಯದಿದ್ದರೆ ಕಂಪನಿಯ ಲಾಭದ ಅಂಕಿ ಎಷ್ಟೇ ಚೆನ್ನಾಗಿದ್ದರೂ ರೈತನ ಪಾಲಿಗೆ ಅದು ಸೋತಂತೆ. ಎಸ್ಕಾರ್ಟ್ಸ್ ಕುಬೋಟಾದ ಮೂರೂ ಹೆಸರಿನ ಬಿಡಿಭಾಗಗಳು ಒಂದೇ ಗೋದಾಮಿನಿಂದ ಹೊರಟರೆ ಸೀಲ್ ಬೇಗ ಬರಬಹುದು. ಆದರೆ ಮೂರು ಬಗೆಯ ಪಾರ್ಟ್ ನಂಬರುಗಳನ್ನು ಒಂದು ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸುವ ದಿನಗಳಲ್ಲಿ ಗೊಂದಲವಾಗುವುದೂ ಉಂಟು. ಆ ಬದಲಾವಣೆಯನ್ನು ಹಂಗಾಮಿನ ನಡುವೆ ಮಾಡದಿರುವಷ್ಟು ವಿವೇಕ ಕಂಪನಿಗಿರಬೇಕು.

ವಿರುದ್ಧದ ವಾದಕ್ಕೆ ಬಂದರೆ, ನನಗೆ ಹೆಚ್ಚು ಕಳವಳ ತರುವುದು ಪೈಪೋಟಿ ಕುಗ್ಗುವುದು. ದೇಶದಲ್ಲಿ ಈಚಿನ ವರ್ಷಗಳಲ್ಲಿ 9 ಲಕ್ಷದ ಆಸುಪಾಸು ಟ್ರ್ಯಾಕ್ಟರ್ ಮಾರಾಟವಾಗಿವೆ. ಅದರಲ್ಲಿ ಮಹೀಂದ್ರ ಮತ್ತು ಸ್ವರಾಜ್ ಸೇರಿ ಶೇ 40ಕ್ಕೂ ಹೆಚ್ಚು ಪಾಲು. ಉಳಿದದ್ದರ ಬಹುಪಾಲು ಟಾಫೆ, ಸೋನಾಲಿಕಾ, ಎಸ್ಕಾರ್ಟ್ಸ್ ಕುಬೋಟಾ, ಜಾನ್ ಡೀರ್, ನ್ಯೂ ಹಾಲೆಂಡ್ ನಡುವೆ ಹಂಚಿಹೋಗಿದೆ. ಶೋರೂಮಿನ ಬೀದಿಯಲ್ಲಿ ಹತ್ತಾರು ಬಣ್ಣ ಕಂಡರೂ ಬೆಲೆ ನಿರ್ಧರಿಸುವ ಕೈಗಳು ಅಷ್ಟಿಲ್ಲ. ಸ್ವರಾಜ್ ಶೋರೂಮಿನಲ್ಲಿ ಚೌಕಾಸಿ ಕುದುರದೆ ಎದುರಿನ ಮಹೀಂದ್ರ ಶೋರೂಮಿಗೆ ಹೋದ ರೈತನಿಗೆ ಇಬ್ಬರು ಡೀಲರ್‌ಗಳ ನಡುವಿನ ಪೈಪೋಟಿಯ ಲಾಭ ಸಿಗುತ್ತದೆ, ಎರಡು ಕಂಪನಿಗಳ ನಡುವಿನ ಪೈಪೋಟಿಯದು ಸಿಗುವುದಿಲ್ಲ.

ಮಾಡೆಲ್‌ಗಳ ಭವಿಷ್ಯ ಇನ್ನೊಂದು. ನೆಲ ಬೇರೆ, ಕೆಲಸ ಬೇರೆ. ಕೆಸರುಗದ್ದೆಯವರಿಗೆ ಹಗುರವಾದ, ಹೂತುಹೋಗದ ಫೋರ್ ವೀಲ್ ಡ್ರೈವ್ ಬೇಕು. ತುಮಕೂರು, ಶಿವಮೊಗ್ಗದ ಅಡಿಕೆ ತೋಟದವರಿಗೆ ಸಾಲಿನ ನಡುವೆ ನುಗ್ಗುವ ಚಿಕ್ಕ ಗಾಡಿ ಬೇಕು. ಬೆಳಗಾವಿ, ಬಾಗಲಕೋಟೆಯ ಕಬ್ಬಿನವರಿಗೆ ಎರಡು ಟ್ರೇಲರ್ ಎಳೆದೂ ಮುಂಭಾಗ ಎತ್ತದ ತೂಕದ ಯಂತ್ರ ಬೇಕು. ಎರಡು ಕಂಪನಿ ಒಂದಾದಾಗ ಲೆಕ್ಕಪತ್ರದವರು ಮೊದಲು ಕೇಳುವುದು ಇಷ್ಟೊಂದು ಮಾಡೆಲ್ ಯಾಕೆ ಎಂದು. ಒಂದೇ ಚಾಸಿ, ಒಂದೇ ಗೇರ್‌ಬಾಕ್ಸ್ ಮೇಲೆ ಎಲ್ಲವನ್ನೂ ಕೂರಿಸಿದರೆ ಕಂಪನಿಗೆ ಉಳಿತಾಯ. ಆದರೆ ಕಬ್ಬಿನ ರೈತನಿಗೆ ಒಗ್ಗಿದ ಭಾರದ, ಸರಳ ಯಂತ್ರ ಆ ಉಳಿತಾಯದಲ್ಲಿ ಕಾಣೆಯಾಗಬಾರದು.

ಡೀಲರ್‌ಗಳ ವಿಷಯದಲ್ಲಿ ತಕ್ಕಡಿ ಇನ್ನೂ ವಾಲುತ್ತದೆ. ತಾಲ್ಲೂಕು ಮಟ್ಟದ ಡೀಲರ್ ಒಬ್ಬರು ಏನೇನು ಹೂಡಿರುತ್ತಾರೆ ನೋಡಿ: ಕಂಪನಿಗೆ ಕಟ್ಟಿದ ಠೇವಣಿ, ಅವರು ಹೇಳಿದ ಅಳತೆಯ ಶೋರೂಮ್, ವರ್ಕ್‌ಶಾಪಿನ ಉಪಕರಣ, ಕಪಾಟು ತುಂಬ ಬಿಡಿಭಾಗ, ಬ್ಯಾಂಕಿನ ಸಾಲದಲ್ಲಿ ತಂದು ನಿಲ್ಲಿಸಿದ ಹೊಸ ಟ್ರ್ಯಾಕ್ಟರ್‌ಗಳು, ಎಕ್ಸ್‌ಚೇಂಜ್‌ನಲ್ಲಿ ಪಡೆದು ಇನ್ನೂ ಮಾರಾಟವಾಗದ ಹಳೆಯವು. ಯುಗಾದಿ, ದಸರಾ, ದೀಪಾವಳಿಯ ಮಾರಾಟ ಕೈಕೊಟ್ಟರೆ ಬಡ್ಡಿಯೇ ನುಂಗುತ್ತದೆ. ಇಷ್ಟು ಹೂಡಿದವರಿಗೆ ಎದುರು ಅಂಗಡಿಯವರೂ ಇನ್ನು ಮುಂದೆ ನಮ್ಮವರೇ ಎಂಬ ಸುದ್ದಿ ಬಂದರೆ ನೆಮ್ಮದಿ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿ 1985ರಲ್ಲಿ ನಡೆದದ್ದು ಈ ಭಯಕ್ಕೆ ಆಧಾರ ಕೊಡುತ್ತದೆ. ಟೆನೆಕೊ ಎಂಬ ಉದ್ಯಮ ಸಮೂಹ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕೃಷಿ ವಿಭಾಗವನ್ನು ಕೊಂಡು ತನ್ನ ಜೆ.ಐ. ಕೇಸ್ ಕಂಪನಿಯೊಂದಿಗೆ ಬೆರೆಸಿತು. ಕೇಸ್ ಐಎಚ್ ಎಂಬ ಹೊಸ ಹೆಸರು ಹುಟ್ಟಿತು, ರಾಕ್ ಐಲೆಂಡಿನ ಫಾರ್ಮಾಲ್ ಕಾರ್ಖಾನೆ ಮುಚ್ಚಿತು. ಎರಡೂ ಕಂಪನಿಗಳ ಡೀಲರ್‌ಗಳಿದ್ದ ಅನೇಕ ಊರುಗಳಲ್ಲಿ ಒಬ್ಬರು ಉಳಿದರು, ಇನ್ನೊಬ್ಬರು ಬಾಗಿಲು ಹಾಕಿದರು. ಅದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1963ರಲ್ಲಿ ಮಹೀಂದ್ರ ಜತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ಆರಂಭಿಸಿದ್ದು. ತವರಿನಲ್ಲಿ ಕಂಪನಿ ಹರಿದುಹಂಚಿಹೋದರೂ ಅದರ ಬಿ-275 ಮಾಡೆಲ್‌ನ ವಂಶ ಇಲ್ಲಿ ಮಹೀಂದ್ರ ಹೆಸರಿನಲ್ಲಿ ಬಾಳಿತು. 1999ರಲ್ಲಿ ಕೇಸ್ ಮತ್ತು ನ್ಯೂ ಹಾಲೆಂಡ್ ಸೇರಿದಾಗ ಮಾತ್ರ ಕೆಂಪು, ನೀಲಿ ಎರಡೂ ಬಣ್ಣಗಳನ್ನು ಬೇರೆ ಬೇರೆಯಾಗಿಯೇ ಇಟ್ಟರು. ಡೀಲರ್‌ನ ಹಣೆಬರಹ ವಿಲೀನದಲ್ಲೇ ಬರೆದಿರುವುದಿಲ್ಲ, ಆಮೇಲೆ ಯಜಮಾನ ತೆಗೆದುಕೊಳ್ಳುವ ತೀರ್ಮಾನದಲ್ಲಿ ಇರುತ್ತದೆ.

ಡೀಲರ್‌ಗೆ ಲಾಭವೇ ಇಲ್ಲವೆಂದಲ್ಲ. ತನ್ನಲ್ಲಿ ಇಲ್ಲದ ಚಿಕ್ಕ ಟ್ರ್ಯಾಕ್ಟರ್, ಭತ್ತದ ನಾಟಿ ಯಂತ್ರ, ಕಟಾವು ಯಂತ್ರ ಮಾರಲು ಸಿಕ್ಕರೆ ವರ್ಷವಿಡೀ ವ್ಯಾಪಾರ. ಬಂಡವಾಳ ಗಟ್ಟಿಯಿರುವ ಕಂಪನಿಯ ಬೋರ್ಡ್ ಇದ್ದರೆ ಬ್ಯಾಂಕೂ ಸಾಲಕ್ಕೆ ಸುಲಭವಾಗಿ ಒಪ್ಪುತ್ತದೆ. ಹೊಸ ಬೋರ್ಡಿಗೆ, ಹೊಸ ಬಣ್ಣಕ್ಕೆ, ಮೆಕ್ಯಾನಿಕ್‌ಗಳ ತರಬೇತಿಗೆ ಯಾರು ದುಡ್ಡು ಹಾಕಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ.

ಯಜಮಾನರ ನಡುವಿನ ಸಂಬಂಧ ಕೆಟ್ಟಾಗ ಡೀಲರ್ ಎಷ್ಟು ಅಸಹಾಯಕ ಎಂಬುದಕ್ಕೆ ಟಾಫೆ ಮತ್ತು ಅಮೆರಿಕದ ಆಗ್ಕೊ ನಡುವಿನ ವ್ಯಾಜ್ಯವೇ ಸಾಕ್ಷಿ. ದೊಡ್ಡಬಳ್ಳಾಪುರದಲ್ಲಿಯೂ ಟಾಫೆಗೆ ಕಾರ್ಖಾನೆಯಿದೆ, ಹಾಗಾಗಿ ನಮಗೂ ಇದು ದೂರದ ಮಾತಲ್ಲ. 2024ರಲ್ಲಿ ಆಗ್ಕೊ, ಮ್ಯಾಸ್ಸಿ ಫರ್ಗ್ಯೂಸನ್ ಹೆಸರನ್ನು ಟಾಫೆ ಬಳಸುವ ಒಪ್ಪಂದ ರದ್ದು ಮಾಡಿತು. ಟಾಫೆ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. 2025ರ ಜುಲೈನಲ್ಲಿ ರಾಜಿಯಾಗಿ, ಭಾರತ, ನೇಪಾಳ, ಭೂತಾನ್‌ಗಳಲ್ಲಿ ಆ ಹೆಸರು ಟಾಫೆಯ ಸ್ವತ್ತಾಯಿತು. ಅಲ್ಲಿಯವರೆಗೆ ಅಂಗಡಿ ಮುಂದಿನ ಬೋರ್ಡಿನ ಹೆಸರು ಯಾರದೆಂಬುದನ್ನು ತೀರ್ಮಾನಿಸುವ ಹಕ್ಕು ಆ ಬೋರ್ಡಿನ ಕೆಳಗೆ ಕುಳಿತವರಿಗೆ ಇರಲಿಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಕೃಷಿ ಯಂತ್ರ ಡೀಲರ್‌ಗಳ ರಕ್ಷಣೆಗೆ ಪ್ರತ್ಯೇಕ ಕಾನೂನುಗಳಿವೆ. ಡೀಲರ್‌ಶಿಪ್ ಕಿತ್ತುಕೊಂಡರೆ ಕಂಪನಿ ಉಳಿದ ಸರಕನ್ನು ಹಿಂದಕ್ಕೆ ಕೊಳ್ಳಬೇಕು ಎಂದು ಅವು ಹೇಳುತ್ತವೆ. ನಮ್ಮಲ್ಲಿ ಅಂಥದ್ದಿಲ್ಲ, ಕಂಪನಿಯೇ ಬರೆದ ಒಪ್ಪಂದಕ್ಕೆ ಡೀಲರ್ ಸಹಿ ಹಾಕುತ್ತಾರೆ. ವಾಹನ ಡೀಲರ್‌ಗಳ ಒಕ್ಕೂಟ ಇಂಥ ಕಾನೂನಿಗಾಗಿ ಒತ್ತಾಯಿಸುತ್ತಿದೆ. ಆ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಡೀಲರ್ ಮೇಲಿನ ಮಮಕಾರಕ್ಕಷ್ಟೇ ಇದನ್ನು ಹೇಳುತ್ತಿಲ್ಲ. ಅಂಗಡಿ ಮುಚ್ಚಿದ ದಿನ ಇಪ್ಪತ್ತು ಮೈಲಿ ದೂರದ ಇನ್ನೊಂದು ಊರಿಗೆ ಟ್ರ್ಯಾಕ್ಟರ್ ಎಳೆದುಕೊಂಡು ಹೋಗಬೇಕಾದವನು ರೈತ. ಬಾಕಿಗೆ ಸ್ಪೇರ್ ಕೊಡುತ್ತಿದ್ದ, ರಾತ್ರಿ ಫೋನ್ ಮಾಡಿದರೂ ಹುಡುಗನನ್ನು ಹೊಲಕ್ಕೆ ಕಳಿಸುತ್ತಿದ್ದ ಪರಿಚಯ ಕಳೆದುಹೋದರೆ ಅದನ್ನು ಯಾವ ಟೋಲ್ ಫ್ರೀ ನಂಬರೂ ತುಂಬಿಕೊಡದು.

ಒಟ್ಟಾರೆ ನಮ್ಮ ದೇಶದ ಈವರೆಗಿನ ಅನುಭವ ನೋಡಿದರೆ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ವಿಲೀನದಿಂದ ಹಾನಿಗಿಂತ ಅನುಕೂಲವೇ ಹೆಚ್ಚಾಗಿದೆ ಎಂದು ನಾನು ಹೇಳುತ್ತೇನೆ. ಆದರೆ ಅದು ಯಜಮಾನರ ಇಚ್ಛೆಯಿಂದ ಆದದ್ದು, ರೈತನ ಹಕ್ಕಾಗಿ ಬಂದದ್ದಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಮೊದಲು ಗಮನಿಸಬೇಕಾದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವನ್ನೂ ಸೇರಿಸಿತ್ತು. ಆ ಕೆಲಸ ಮುಂದುವರಿದು ಕಡ್ಡಾಯ ನಿಯಮವಾಗಬೇಕು: ಮಾಡೆಲ್ ನಿಲ್ಲಿಸಿದ ಮೇಲೂ ಇಂತಿಷ್ಟು ವರ್ಷ ಬಿಡಿಭಾಗ ಸಿಗಬೇಕು, ಪಾರ್ಟ್ಸ್ ಕ್ಯಾಟಲಾಗ್ ಕಂಪನಿಯ ಡೀಲರ್‌ಗೆ ಮಾತ್ರವಲ್ಲದೆ ಊರಿನ ಮೆಕ್ಯಾನಿಕ್‌ಗೂ ತೆರೆದಿರಬೇಕು, ಇಸಿಯು ದೋಷ ಓದುವ ಸಾಧನ ಹೊರಗಿನ ಗ್ಯಾರೇಜಿಗೂ ಸಿಗಬೇಕು.

ಅಲ್ಲಿಯವರೆಗೆ, ಕೂಡಿದ ಕಂಪನಿಯ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಹಣ ಕಟ್ಟುವ ಮುನ್ನ ಡೀಲರ್ ಬಳಿ ಮೂರು ಸಂಗತಿಗಳನ್ನು ಲಿಖಿತವಾಗಿ ಕೇಳಿಕೊಳ್ಳಬಹುದು. ವಾರಂಟಿ ಕೊಡುತ್ತಿರುವುದು ಯಾವ ಕಂಪನಿಯ ಹೆಸರಿನಲ್ಲಿ, ಆ ಹೆಸರೇ ಇನ್‌ವಾಯ್ಸಿನಲ್ಲೂ ಇದೆಯೇ. ಇದೇ ಗುಂಪಿನ ಬೇರೆ ಬಣ್ಣದ ಶೋರೂಮಿನಲ್ಲಿ ಉಚಿತ ಸರ್ವಿಸ್ ನಡೆಯುತ್ತದೆಯೇ. ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್, ಮುಂದಿನ ಆಕ್ಸಲ್‌ನ ಸೀಲ್ ಈಗ ಕಪಾಟಿನಲ್ಲಿ ಇವೆಯೇ. ಕೊನೆಯದಕ್ಕೆ ಕಾಗದ ಬೇಡ, ಕೌಂಟರಿನ ಹಿಂದೆ ಹೋಗಿ ಕಣ್ಣಾರೆ ನೋಡಿದರಾಯಿತು.