ವೃದ್ಧಾಶ್ರಮದ ಬಾಗಿಲಲ್ಲಿ ಐದು ಲೆಕ್ಕ ಬರೆದು ಹಾಕಲಿ

ಹಿರಿಯರನ್ನು ವೃದ್ಧಾಶ್ರಮದಲ್ಲಿ ಇರಿಸಿರುವ ಕುಟುಂಬಗಳಲ್ಲಿ, ಇರಿಸಲು ಜಾಗ ಹುಡುಕುತ್ತಿರುವವರಲ್ಲಿ, ಅಂಥ ಸಂಸ್ಥೆಗಳಿಗೆ ದಾನ ಕೊಡುವ ಸಹೃದಯರಲ್ಲಿ ಒಂದು ವಿನಂತಿ. ಜಾಗ ನೋಡಲು ಹೋದಾಗ ನಮ್ಮ ಕಣ್ಣು ಹೋಗುವುದು ಎಲ್ಲಿಗೆ? ಅಂಗಳ ಗುಡಿಸಿದೆಯೇ, ಗೋಡೆಗೆ ಬಣ್ಣ ಹೊಡೆದಿದೆಯೇ, ದೇವರ ಕೋಣೆ ಇದೆಯೇ, ಸಂಜೆ ಭಜನೆ ಉಂಟೇ, ಅಡುಗೆ ನಮ್ಮ ಕಡೆಯದೇ. ನಡೆಸುವವರು ನಯವಾಗಿ ಮಾತನಾಡಿದರೆ ಅರ್ಧ ನಿಶ್ಚಿಂತೆ. ತಿಂಗಳ ಶುಲ್ಕ ಹೆಚ್ಚಿದ್ದರೆ ಉಳಿದರ್ಧ. ಇವು ಬೇಡದ ಸಂಗತಿಗಳೇನಲ್ಲ. ತಾವೇ ಎದ್ದು ಓಡಾಡುವ ಹಿರಿಯರಿಗೆ ಇವುಗಳಿಂದ ನಿಜಕ್ಕೂ ಸುಖವಿದೆ. ಆದರೆ ಹಾಸಿಗೆ ಹಿಡಿದವರ, ಮರೆವಿನ ಕಾಯಿಲೆ ಬಂದವರ ಆರೈಕೆ ಹೇಗಿದೆ ಎಂಬುದು ಇವುಗಳಿಂದ ಎಳ್ಳಷ್ಟೂ ತಿಳಿಯದು. ಇಂದು ಅಂಗಳದಲ್ಲಿ ವಾಕಿಂಗ್ ಮಾಡುತ್ತಿರುವವರಲ್ಲಿ ಅನೇಕರು ನಾಳೆ ಅದೇ ಕಟ್ಟಡದೊಳಗೆ ಹಾಸಿಗೆ ಹಿಡಿಯುವವರು. ಆದ್ದರಿಂದ ಆಶ್ರಮವನ್ನು ಅಳೆಯಬೇಕಾದದ್ದು ಅಲ್ಲಿನ ಅತ್ಯಂತ ಅಸಹಾಯಕರ ಮೈ ನೋಡಿ, ಅವರ ಬಳಿ ರಾತ್ರಿ ಯಾರಿದ್ದಾರೆ ಎಂಬುದನ್ನು ನೋಡಿ. ಅದಕ್ಕೆ ಬೇಕಾದ ಐದು ಲೆಕ್ಕಗಳನ್ನು ಪ್ರತಿ ವೃದ್ಧಾಶ್ರಮವೂ ತಿಂಗಳಿಗೊಮ್ಮೆ ಬಾಗಿಲಲ್ಲಿ ಬರೆದು ಹಾಕಬೇಕು ಎಂಬುದು ಈ ಕರಪತ್ರದ ಬೇಡಿಕೆ.

ಮೊದಲನೆಯದು ಹಾಸಿಗೆ ಹುಣ್ಣು. ಮೂಳೆ ಉಬ್ಬಿರುವ ಕಡೆ, ಅಂದರೆ ಬೆನ್ನಿನ ತುದಿಯಲ್ಲಿ, ಸೊಂಟದ ಪಕ್ಕದಲ್ಲಿ, ಹಿಮ್ಮಡಿಯಲ್ಲಿ, ಮೈಭಾರ ಒಂದೇ ಸಮನೆ ಬಿದ್ದರೆ ಅಲ್ಲಿನ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಒತ್ತಿದರೂ ಮಾಸದ ಕೆಂಪು. ಕಪ್ಪು ಮೈಬಣ್ಣದವರಲ್ಲಿ ಅದೂ ಸುಲಭವಾಗಿ ಕಾಣದು, ಮುಟ್ಟಿ ನೋಡಬೇಕು. ಆಮೇಲೆ ಚರ್ಮ ಬಿರಿಯುತ್ತದೆ, ಹುಣ್ಣು ಒಳಗೊಳಗೇ ಮೂಳೆಯವರೆಗೂ ಇಳಿಯಬಹುದು. ಹೊತ್ತಿಗೆ ಸರಿಯಾಗಿ ಬದಲಿಸದ ಡಯಾಪರಿನ ತೇವ, ಊಟದಲ್ಲಿ ಪ್ರೋಟೀನಿನ ಕೊರತೆ ಇದನ್ನು ಬೇಗ ಬರಿಸುತ್ತವೆ. ತಡೆಯುವ ಉಪಾಯ ಹಳೆಯದು, ಅಗ್ಗದ್ದು, ಬೇಸರದ್ದು: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒರೆಸಿ ಒಣಗಿಸುವುದು, ದಿನಕ್ಕೊಮ್ಮೆ ಮೈಯೆಲ್ಲ ನೋಡುವುದು. ಏರ್ ಬೆಡ್ ನೆರವಾಗುತ್ತದೆ ನಿಜ, ಆದರೆ ಅದು ಬಂದ ಮೇಲೆ ಮಗ್ಗುಲು ಬದಲಿಸುವುದೇ ಬೇಡ ಎಂದುಕೊಳ್ಳುವುದು ತಪ್ಪು. ಕೊನೆಯ ದಿನಗಳಲ್ಲಿರುವ ಕೆಲವರಿಗೆ ಎಷ್ಟೇ ನೋಡಿಕೊಂಡರೂ ಹುಣ್ಣಾಗುವುದುಂಟು. ಒಬ್ಬರಿಗೆ ಆಯಿತೆಂದು ಆಶ್ರಮವನ್ನು ದೂರುವುದು ನ್ಯಾಯವಲ್ಲ. ತಿಂಗಳು ತಿಂಗಳೂ ಹೊಸ ಹುಣ್ಣುಗಳು ಕಾಣಿಸಿಕೊಳ್ಳುತ್ತಿದ್ದರೆ ಮಾತ್ರ ಅಲ್ಲಿ ಕೈಗಳು ಸಾಲದಾಗಿವೆ ಎಂದೇ ತಿಳಿಯಬೇಕು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾರೆ. ತಲೆ ಬಾಚಿ ಕುಂಕುಮ ಇಟ್ಟ ಅಮ್ಮನ ಮುಖ ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಹುಣ್ಣಾಗುವ ಜಾಗ ಆ ಕ್ಯಾಮೆರಾದ ಮುಂದೆ ಎಂದೂ ಬರುವುದಿಲ್ಲ.

ಕೈಗಳು ಸಾಲದು ಎಂಬುದನ್ನು ಬಾಯಿಮಾತಿಗೆ ಬಿಡದೆ ಲೆಕ್ಕ ಹಾಕಿಯೇ ನೋಡೋಣ. ಮೂವತ್ತು ಜನರಿರುವ ಆಶ್ರಮದಲ್ಲಿ ಎಂಟು ಜನ ಹಾಸಿಗೆ ಹಿಡಿದವರು ಎಂದುಕೊಳ್ಳಿ. ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಎರಡು ಗಂಟೆಗೊಮ್ಮೆ ಎಂದರೆ ಒಬ್ಬೊಬ್ಬರಿಗೆ ಐದು ಸಲ, ಒಟ್ಟು ನಲವತ್ತು ಸಲ ಮಗ್ಗುಲು ಬದಲಿಸಬೇಕು. ಡಯಾಪರ್ ನೋಡಿ, ಬೇಕಿದ್ದರೆ ಬದಲಿಸಿ, ಬಟ್ಟೆ ಸರಿಮಾಡಲು ಸಲಕ್ಕೆ ಹತ್ತು ನಿಮಿಷ ಹಿಡಿದರೂ ನಾನೂರು ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ. ಭಾರದ ಮೈಯವರನ್ನು ಒಬ್ಬರೇ ಎತ್ತಿ ತಿರುಗಿಸಲಾಗದು, ಇಬ್ಬರು ಬೇಕು. ಉಳಿದ ಇಪ್ಪತ್ತೆರಡು ಜನರಲ್ಲಿ ಶೌಚಕ್ಕೆ ಏಳುವವರು, ಕೆಮ್ಮುವವರು, ಮನೆಗೆ ಹೋಗಬೇಕು ಎಂದು ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ. ಇಷ್ಟಕ್ಕೂ ಒಬ್ಬಳೇ ಆಯಾ ಇದ್ದರೆ, ಹಗಲು ಪಾಳಿ ಮುಗಿಸಿದವಳನ್ನೇ ರಾತ್ರಿಗೂ ನಿಲ್ಲಿಸಿಕೊಂಡಿದ್ದರೆ, ಏನಾಗುತ್ತದೆ ಎಂದು ಹೇಳಲು ತಜ್ಞರು ಬೇಕಿಲ್ಲ. ಆಕೆ ಕೆಟ್ಟವಳಾಗಿರಬೇಕಾಗಿಲ್ಲ, ಲೆಕ್ಕವೇ ಆಕೆಯ ವಿರುದ್ಧವಿದೆ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ, ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂಬುದು ನಾವು ಕೇಳುವ ಎರಡನೆಯ ಲೆಕ್ಕ. ಐದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಉಳಿಸಿಕೊಳ್ಳಬೇಕಾದದ್ದು ಇದನ್ನೇ.

ಮೂರನೆಯದು ತೂಕ. ಒಂದು ತಿಂಗಳಲ್ಲಿ ನೂರಕ್ಕೆ ಐದು ಭಾಗ, ಆರು ತಿಂಗಳಲ್ಲಿ ಹತ್ತು ಭಾಗ ತೂಕ ತಾನಾಗಿ ಇಳಿದರೆ ಎಚ್ಚರವಹಿಸಬೇಕು ಎಂಬುದು ಹಿರಿಯರ ಆರೈಕೆಯಲ್ಲಿ ಬಳಕೆಯಲ್ಲಿರುವ ಅಳತೆ. ಐವತ್ತು ಕೆ.ಜಿ. ಇದ್ದವರು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದರೆ ತಟ್ಟೆಗೆ ಬಡಿಸಿದ್ದು ಬಾಯಿಗೆ ಹೋಗುತ್ತಿದೆಯೇ ಎಂದು ವಿಚಾರಿಸಬೇಕು. ಮೆನು ಪಟ್ಟಿಯಲ್ಲಿ ಚಪಾತಿ, ಪಲ್ಯ ಇರಬಹುದು. ಹಲ್ಲಿಲ್ಲದವರಿಗೆ ಅದನ್ನು ನೆನೆಸಿ, ಕೂತು ಉಣ್ಣಿಸುವವರು ಇಲ್ಲದಿದ್ದರೆ ತಟ್ಟೆ ಹಾಗೆಯೇ ವಾಪಸಾಗುತ್ತದೆ. ನಿಲ್ಲಲಾಗದವರಿಗೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದರೂ ಇಳಿಮುಖ ಗೊತ್ತಾಗುತ್ತದೆ. ನಾಲ್ಕನೆಯದು, ಬಿದ್ದು ಪೆಟ್ಟಾದವರ ಸಂಖ್ಯೆ.

ಐದನೆಯದನ್ನು ಹೇಳಲು ಮುಜುಗರವಾದರೂ ಹೇಳಲೇಬೇಕು: ಎಷ್ಟು ಜನರನ್ನು ಮಂಚಕ್ಕೋ ಕುರ್ಚಿಗೋ ಕಟ್ಟಲಾಯಿತು, ಎಷ್ಟು ಜನರಿಗೆ ಸುಮ್ಮನಿರಿಸುವ ಮಾತ್ರೆ ಕೊಡಲಾಯಿತು. ಬಿದ್ದಾರು ಎಂಬ ಭಯಕ್ಕೆ ಕಟ್ಟುತ್ತೇವೆ ಎನ್ನುತ್ತಾರೆ. ಆದರೆ ಕಟ್ಟಿದ ಮೈ ಶಕ್ತಿ ಕಳೆದುಕೊಳ್ಳುತ್ತದೆ, ಬಿಚ್ಚಿದ ದಿನ ಬೀಳುವುದು ಇನ್ನೂ ಸುಲಭ. ಮಾತ್ರೆಯ ವಿಷಯ ಇನ್ನೂ ಗಂಭೀರ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳನ್ನು ಮರೆವಿನ ಕಾಯಿಲೆಯ ಹಿರಿಯರಿಗೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತ್ಯಂತ ಕಟುವಾದ ಎಚ್ಚರಿಕೆ ಹೊರಡಿಸಿತು. ಅಂಥ ಔಷಧಿ ಎಂದೂ ಬೇಡವೆಂದಲ್ಲ. ವೈದ್ಯರು ನೋಡಿ, ಕಾರಣ ಬರೆದು, ಕುಟುಂಬಕ್ಕೆ ತಿಳಿಸಿ ಕೊಡುವುದು ಬೇರೆ. ರಾತ್ರಿ ಜನ ಸಾಲದೆಂದು ಕೊಡುವುದು ಬೇರೆ.

ಸರ್ಕಾರ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ತೆರೆಯಬೇಕಾದರೆ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಹಿರಿಯರಿಗೆಂದೇ ಬಂದ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಏನು ಹೇಳುತ್ತದೆ? ಮಕ್ಕಳಿಂದ ಜೀವನಾಂಶ ಕೊಡಿಸಲು ಉಪವಿಭಾಗಾಧಿಕಾರಿಯ ಮುಂದೆ ದಾರಿ ಮಾಡಿಕೊಟ್ಟಿದೆ. 19ನೇ ಕಲಮಿನಲ್ಲಿ, ಜಿಲ್ಲೆಗೆ ಕನಿಷ್ಠ ಒಂದರಂತೆ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ತೆರೆಯಬಹುದು ಎಂದಿದೆ. ಖಾಸಗಿಯವರು ನಡೆಸುವ ಆಶ್ರಮಗಳಿಗೆ ಕಡ್ಡಾಯ ನೋಂದಣಿಯನ್ನು ಆ ಕಾಯ್ದೆ ವಿಧಿಸಿಲ್ಲ. ಈ ಕೊರತೆ ತುಂಬಲು, ನೋಂದಣಿಯನ್ನೂ ಕನಿಷ್ಠ ಮಟ್ಟವನ್ನೂ ಸೇರಿಸಿದ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಕಾಯ್ದೆಯಾಗದೆಯೇ ಆ ಲೋಕಸಭೆಯ ಅವಧಿ ಮುಗಿದು, ಮಸೂದೆಯೂ ಅದರೊಂದಿಗೆ ಬಿದ್ದುಹೋಯಿತು. ಇತ್ತ 2022ರಲ್ಲಿ ದೇಶದ ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಹತ್ತೂವರೆಯಷ್ಟಿದ್ದ ಅರವತ್ತು ದಾಟಿದವರ ಪಾಲು 2050ರ ಹೊತ್ತಿಗೆ ಇಪ್ಪತ್ತು ದಾಟುತ್ತದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ವರದಿ ಅಂದಾಜಿಸಿದೆ. ಮುಂದಿನ ಮಸೂದೆಗೆ ಕಾದು ಕೂರುವಷ್ಟು ವ್ಯವಧಾನ ನಮಗಿಲ್ಲ.

ಬರೆದು ಹಾಕಿ ಎಂದರೆ ಸುಳ್ಳು ಬರೆಯುತ್ತಾರೆ ಎಂಬುದು ಮೊದಲ ಆಕ್ಷೇಪ, ಗಟ್ಟಿಯಾದದ್ದೂ ಹೌದು. ಅಮೆರಿಕದಲ್ಲಿ ಆದದ್ದೇ ಅದು. ಅಲ್ಲಿ 1987ರಲ್ಲಿ ಬಂದ ಕಾನೂನು ಪ್ರತಿಯೊಬ್ಬ ವಾಸಿಯ ಸ್ಥಿತಿಯನ್ನು ನಿಗದಿತ ನಮೂನೆಯಲ್ಲಿ ದಾಖಲಿಸುವಂತೆ ಮಾಡಿತು, ಕಾರಣವಿಲ್ಲದೆ ಕಟ್ಟಿಹಾಕುವುದನ್ನು ನಿಷೇಧಿಸಿತು; ಕಟ್ಟುವ ರೂಢಿ ಮುಂದಿನ ವರ್ಷಗಳಲ್ಲಿ ಬಹಳಷ್ಟು ಇಳಿಯಿತು. 2008ರಲ್ಲಿ ಆಶ್ರಮಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುವ ಪದ್ಧತಿ ಬಂದಾಗ ಸಿಬ್ಬಂದಿ ಸಂಖ್ಯೆಯನ್ನು ಆಶ್ರಮದವರೇ ಹೇಳುತ್ತಿದ್ದರು, ಹೇಳಿದ್ದೇ ಲೆಕ್ಕವಾಗುತ್ತಿತ್ತು. ಆಮೇಲೆ ಸಂಬಳದ ದಾಖಲೆಯಿಂದಲೇ ಸಂಖ್ಯೆ ತೆಗೆಯಲು ಆರಂಭಿಸಿದಾಗ ಬಣ್ಣ ಬಯಲಾಯಿತು: ಶನಿವಾರ ಭಾನುವಾರಗಳಲ್ಲಿ ಜನ ತೀರ ಕಡಿಮೆ. ಹಾಗಾಗಿ ನಾವು ಕೇಳುವ ಲೆಕ್ಕಗಳೂ ಇನ್ನೊಂದು ದಾಖಲೆಯ ಜೊತೆ ತಾಳೆ ನೋಡಬಹುದಾದವೇ ಆಗಿರಲಿ. ರಾತ್ರಿ ಪಾಳಿಗೆ ಸಂಬಳದ ಪುಸ್ತಕವಿದೆ, ತೂಕಕ್ಕೆ ತಕ್ಕಡಿಯಿದೆ, ಮಾತ್ರೆಗೆ ಔಷಧಿ ಅಂಗಡಿಯ ಬಿಲ್ ಇದೆ. ಇಷ್ಟಾದರೂ ಸುಳ್ಳು ನಿಲ್ಲುತ್ತದೆ ಎನ್ನುವುದಿಲ್ಲ; ಸಹಿ ಹಾಕಿ ಬಾಗಿಲಿಗೆ ಅಂಟಿಸಿದ ಸುಳ್ಳನ್ನು ಹಿಡಿಯಲು ಒಂದು ತುದಿಯಾದರೂ ಸಿಗುತ್ತದೆ.

ಹೆಚ್ಚು ಕಾಯಿಲೆಯವರನ್ನು ಸೇರಿಸಿಕೊಳ್ಳುವ ಆಶ್ರಮಕ್ಕೆ ಕೆಟ್ಟ ಹೆಸರು ಬರುತ್ತದೆ, ಆಮೇಲೆ ಅಂಥವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬ ಇನ್ನೊಂದು ಮಾತಿದೆ. ಇದಕ್ಕೆ ಬರೆಯುವ ಕ್ರಮದಲ್ಲೇ ಪರಿಹಾರವಿದೆ. ಸೇರುವ ದಿನವೇ ಮೈ ನೋಡಿ, ಆಸ್ಪತ್ರೆಯಿಂದಲೋ ಮನೆಯಿಂದಲೋ ಬಂದ ಹುಣ್ಣನ್ನು ಬೇರೆ ಬರೆದುಕೊಳ್ಳಲಿ. ಬಾಗಿಲಿಗೆ ಬರುವುದು ಅಲ್ಲಿ ಬಂದ ಮೇಲೆ ಆದದ್ದು ಮಾತ್ರ. ಮನೆಯವರು ಹುಣ್ಣು ಮಾಡಿಸಿ ತಂದು ಬಿಟ್ಟು, ಆಮೇಲೆ ಆಶ್ರಮದ ಮೇಲೆ ಹೊರಿಸುವುದೂ ಇದರಿಂದ ನಿಲ್ಲುತ್ತದೆ.

ಧರ್ಮಕ್ಕೆ ನಡೆಸುವವರು ಕೇಳುವುದು ಹೀಗೆ: ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದು ಅನ್ನ ಹಾಕುವ ನಮ್ಮನ್ನೂ ಲೆಕ್ಕ ಕೇಳುತ್ತೀರಾ? ಅವರ ಸೇವೆ ದೊಡ್ಡದು, ಸಂದೇಹವಿಲ್ಲ. ಆದರೆ ಎತ್ತಿ ತಂದವರಿಗೆ ಬೇರೆಡೆ ಹೋಗುವ ದಾರಿಯಿಲ್ಲ, ಕೇಳುವ ಮಕ್ಕಳೂ ಇಲ್ಲ. ಲೆಕ್ಕ ಅತಿ ಹೆಚ್ಚು ಬೇಕಾಗಿರುವುದು ಅವರ ಪರವಾಗಿಯೇ. ಇಲ್ಲಿ ದಾನಿಗಳಿಗೂ ಒಂದು ಮಾತಿದೆ. ಹುಟ್ಟುಹಬ್ಬ, ತಿಥಿ, ಮದುವೆಯ ವಾರ್ಷಿಕೋತ್ಸವ ಎಂದು ಒಂದು ಹೊತ್ತಿನ ಊಟ ಹಾಕಿಸಿ, ಹೋಳಿಗೆ ಬಡಿಸಿ, ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು ಮಂದಿ. ಸಕ್ಕರೆ ಕಾಯಿಲೆಯವರಿಗೆ ವಾರದಲ್ಲಿ ಮೂರು ದಿನ ಸಿಹಿಯೂಟ! ರಾತ್ರಿಯ ಆಯಾಳ ಸಂಬಳವನ್ನು ಯಾರ ಹೆಸರಿನಲ್ಲೂ ಯಾರೂ ಕೊಡುವುದಿಲ್ಲ, ಅದಕ್ಕೆ ಫೋಟೋ ಇಲ್ಲ. ಬಾಗಿಲ ಮೇಲಿನ ಲೆಕ್ಕದಲ್ಲಿ ರಾತ್ರಿ ಒಬ್ಬರೇ ಎಂದು ಕಂಡರೆ ದಾನಿಗೂ ಎಲ್ಲಿಗೆ ಕೊಡಬೇಕೆಂದು ತಿಳಿಯುತ್ತದೆ. ಪ್ರಾಮಾಣಿಕ ಆಶ್ರಮಕ್ಕೆ ಇದು ನಷ್ಟವಲ್ಲ.

ಕೆಲವು ಸಣ್ಣ ಆಶ್ರಮಗಳು ಮುಚ್ಚಬಹುದು. ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ಅಲ್ಲಿದ್ದವರಿಗೆ ಬೇರೆ ನೆಲೆ ಒದಗಿಸುವ ಹೊಣೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಹೊರಬೇಕು; 19ನೇ ಕಲಮು ಅದಕ್ಕೆ ದಾರಿ ಮಾಡಿಕೊಟ್ಟೇ ಇದೆ.

ಇಷ್ಟೆಲ್ಲ ಇದ್ದೂ ಕುಟುಂಬಗಳು ಬಾಯಿ ತೆರೆಯುವುದಿಲ್ಲ. ಒಂದು ಕಾರಣ, ಅಪ್ಪ ಅಮ್ಮನನ್ನು ಇಲ್ಲಿ ಬಿಟ್ಟೆವಲ್ಲ ಎಂಬ ಅಳುಕು. ಬಿಟ್ಟವರಿಗೆ ಕೇಳುವ ಬಾಯಿ ಎಲ್ಲಿಯದು ಎಂದು ತಮಗೆ ತಾವೇ ಅಂದುಕೊಳ್ಳುತ್ತಾರೆ. ಇನ್ನೊಂದು ಭಯ: ನಾವು ಕೇಳಿ ಹೊರಟ ಮೇಲೆ ಆ ಸಿಟ್ಟು ಹಾಸಿಗೆಯಲ್ಲಿರುವವರ ಮೇಲೆ ತಿರುಗಿದರೆ? ಭಯ ಆಧಾರವಿಲ್ಲದ್ದಲ್ಲ. ಆದ್ದರಿಂದಲೇ ಲೆಕ್ಕ ಬಾಗಿಲ ಮೇಲಿರಬೇಕು, ಯಾರೊಬ್ಬರೂ ಕೇಳಿ ಕೆಟ್ಟವರಾಗುವ ಅಗತ್ಯ ಬೀಳದಂತೆ. ಅಲ್ಲಿಯವರೆಗೆ ನಾಲ್ಕಾರು ಕುಟುಂಬಗಳು ಒಟ್ಟಾಗಿ ಕೇಳಲಿ. ಸರ್ಕಾರದ ಅನುದಾನ ಪಡೆಯುವ ಆಶ್ರಮವಾದರೆ ಅದರ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಡಿ ಇಲಾಖೆಯಿಂದ ಕೇಳಿ. ಹಿಂಸೆಯ ಸಂದೇಹವಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಮುಂದಿನ ಭೇಟಿಗೆ ಭಾನುವಾರ ಹನ್ನೊಂದು ಗಂಟೆಗೆ ಹೋಗುವ ಬದಲು ವಾರದ ನಡುವೆ ಒಂದು ದಿನ ರಾತ್ರಿ ಎಂಟಕ್ಕೆ ಹೋಗಿ. ಒಳಗೆ ಬಿಡುವುದಿಲ್ಲ ಎಂದರೆ ಏಕೆಂದು ಬರವಣಿಗೆಯಲ್ಲಿ ಕೊಡಲು ಹೇಳಿ.