ಗಿಂಡಿಯನ್ನು ತೂಗಬೇಡಿ

ಶಹಾಪುರದ ನಮ್ಮ ಮನೆಯ ದೇವರ ಜಗಲಿ ಮೇಲೆ ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಯೊಂದಿತ್ತು. ಒಳಗೆ ಅಜ್ಜಿ ಕಾಶಿಯಿಂದ ತಂದ ಗಂಗೆ. ಅವಳ ಕೊನೆಯ ಗುಟುಕಿಗೆಂದು ಅದರ ಬೆಸುಗೆ ಬಿಡಿಸಿದೆವು. ಮರುತಿಂಗಳು ಬರಿದಾದ ಗಿಂಡಿ ಯಾದಗಿರಿಯ ಪಾತ್ರೆ ವ್ಯಾಪಾರಿಯ ತಕ್ಕಡಿ ಏರಿತು. ಸುರಪುರ ಚಿತ್ರಕಲೆಯ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನಾನೂ ಸುಮ್ಮನಿದ್ದೆ.

ನನ್ನ ಜಗಳ ಆ ಸುಮ್ಮನಿರುವಿಕೆಯ ಜೊತೆಗೇ. ಸುರಪುರ ನಾಯಕರ ಆಶ್ರಯದಲ್ಲಿ ಚಿನ್ನದ ಲೇಪ ಪಡೆದ ದೇವರ ಚಿತ್ರ ಕಲೆ. ಅದೇ ದೇವರ ಮುಂದಿನ ಗಿಂಡಿ ಬರೀ ಪಾತ್ರೆ! ಈ ಗೆರೆ ಎಳೆದವರು ಯಾರು? ಕೃಷ್ಣೆಯ ದಡದ ತಿಂಥಣಿ ಮೌನೇಶ್ವರರಿಗೆ ನಡೆದುಕೊಳ್ಳುವ ವಿಶ್ವಕರ್ಮರ ಐದು ಕಸುಬುಗಳಲ್ಲಿ ಶಿಲ್ಪಿಯೂ ಕಂಚುಗಾರನೂ ಅಣ್ಣತಮ್ಮಂದಿರು. ನಾವು ಓದುವ ಕಲಾ ಇತಿಹಾಸ ಮಾತ್ರ ಅಣ್ಣನನ್ನು ಒಳಗೆ ಕರೆದು ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದೆ.

ಬಳಸುವ ವಸ್ತು ಕಲೆ ಹೇಗಾದೀತು ಎನ್ನುವಿರಾ? ಕಂಚುಗಾರ ಬಡಿದು ಕೊಟ್ಟದ್ದು ಅರ್ಧ ಕೆಲಸ. ವಾರವಾರವೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಚು ಸವೆಸಿ, ಆ ಹೊಳಪು ತಂದವಳು ಅಜ್ಜಿ. ಭಕ್ತಿ ಕಣ್ಣಿಗೆ ಕಾಣುವುದು ಆ ಸವೆತದಲ್ಲೇ.

ಗಿಂಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯಿರಿ ಎನ್ನುತ್ತಿಲ್ಲ. ಅದನ್ನು ಮುಟ್ಟುವ ಹಕ್ಕು ಎಲ್ಲ ಕೈಗಳಿಗೂ ಇರಲಿಲ್ಲ. ನೀರಿಗೂ ಜಾತಿ ಕಟ್ಟಿದ ಊರುಗಳು ನಮ್ಮವು. ಅದನ್ನೂ ಬರೆಯಬೇಕು. ಆದರೆ ಸಾಕ್ಷಿಯನ್ನೇ ಕರಗಿಸಿದ ಮೇಲೆ ಬರೆಯುವುದೇನನ್ನು?

ನಿಮ್ಮ ಮನೆಯಲ್ಲೂ ಅಂಥದ್ದೊಂದು ಗಿಂಡಿ ಇದ್ದೀತು. ಯಾರು ತಂದರು, ಯಾರು ತಿಕ್ಕಿದರು, ಯಾರು ಮುಟ್ಟುವಂತಿರಲಿಲ್ಲ ಎಂದು ಹಿರಿಯರನ್ನು ಈಗಲೇ ಕೇಳಿ, ಬರೆದಿಡಿ. ನಾನು ಕೇಳಬೇಕಿದ್ದವಳು ಈಗಿಲ್ಲ.