ಮುಂಡರಗಿಯ ನೀರೂ ನಮ್ಮ ಏಕೀಕರಣವೂ

ಗದಗಿನ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರ ಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಕೇಳಿ ರೋಮಾಂಚಗೊಂಡ ಜನರು ಬಯಸಿದ್ದೇನು? ಆಗ ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಸರಕಾರಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿನವರದು. ಕನ್ನಡಿಗರ ದುಃಖವನ್ನು ಕನ್ನಡದಲ್ಲಿಯೇ ಕೇಳುವ ಒಂದು ಸರಕಾರವಿರಲೆಂದು ಹಿರಿಯರು ಹೆಣಗಿದರು. 1956ರಲ್ಲಿ ಅದು ದೊರೆಯಿತು. 1997ರಲ್ಲಿ ಗದಗವು ಜಿಲ್ಲೆಯೂ ಆಯಿತು. ಇನ್ನು ಮುಂಬಯಿಯ ಕಡೆಗೆ ಬೆರಳು ತೋರಿಸಿ ಪಾರಾಗುವ ಹಾಗಿಲ್ಲ.

ಆದರೂ ಮುಂಡರಗಿ ತಾಲೂಕಿನ ಹಳ್ಳಿಯ ಶಾಲೆಗಳಲ್ಲಿ ಮಕ್ಕಳನ್ನು ನಗಿಸಿ ನೋಡಿರಿ. ಹಲವರ ಹಲ್ಲಿನ ಮೇಲೆ ಕಂದು ಗೆರೆಗಳು. ಹಲ್ಲುಜ್ಜುವದಿಲ್ಲವೆಂದು ಮಾಸ್ತರರು ಗದರಿಸುವದೂ ಉಂಟು. ತಪ್ಪು ಹುಡುಗರದಲ್ಲ, ಕೊಳವೆ ಬಾವಿಯ ನೀರಿನಲ್ಲಿಯ ಫ್ಲೋರೈಡಿನದು. ನೆಲದಡಿಯ ಕಲ್ಲಿನಿಂದ ನೀರಿಗೆ ಇಳಿಯುವ ಈ ದ್ರವ್ಯವು ಅಲ್ಪವಾಗಿದ್ದರೆ ಹಲ್ಲಿಗೆ ಹಿತವೇ. ಲೀಟರಿಗೆ 1.5 ಮಿಲಿಗ್ರಾಮು ಮೀರಿತೋ, ಸುಮಾರು ಎಂಟು ವರುಷದೊಳಗಿನ ಮಕ್ಕಳ ಒಸಡಿನಲ್ಲಿ ಬೆಳೆಯುತ್ತಿರುವ ಹಲ್ಲು ಕೆಡತೊಡಗುವದು. ಇನ್ನೂ ಹೆಚ್ಚಿನದನ್ನು ಬಹುಕಾಲ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುವದು. ಬಾಗಿದ ಆ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ.

ನೀರನ್ನು ಕುದಿಸಿ ಕುಡಿಯಿರೆಂದು ಉಪದೇಶಿಸುವವರು ಕೇಳಿರಿ. ಕುದಿಸಿದರೆ ಕ್ರಿಮಿ ಸಾಯುವದೇ ಹೊರತು ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುವದು. ಬೇಳೆ ಬೇಗ ಬೇಯುವ ನೀರೇ ಒಳ್ಳೆಯ ನೀರೆಂದು ನಮ್ಮ ತಾಯಂದಿರ ನಂಬಿಗೆ. ಸುಣ್ಣದ ಅಂಶ ಕಡಿಮೆಯಾದ ಅಂಥ ಮೆತ್ತನೆಯ ನೀರಿನಲ್ಲಿಯೇ ಫ್ಲೋರೈಡು ಹೆಚ್ಚಾಗಿ ಕರಗಿ ಉಳಿಯುವದೆಂದು ಶಾಸ್ತ್ರಜ್ಞರು ಕಂಡಿರುವರು! ಕಣ್ಣಿಗೆ ತಿಳಿಯದ, ನಾಲಗೆಗೆ ಹತ್ತದ ಈ ವಿಷವನ್ನು ಪರೀಕ್ಷೆಯೊಂದೇ ತೋರಿಸಬಲ್ಲದು.

ಇದು ನಿನ್ನೆಯ ಶೋಧವೇನಲ್ಲ. 1937ರಲ್ಲಿಯೇ ಮದ್ರಾಸ್ ಇಲಾಖೆಯಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿ ಬರೆದರು. ಸುಣ್ಣ, ಪಟಿಕ ಬೆರಸಿ ನೀರನ್ನು ತಿಳಿಗೊಳಿಸುವ ನಲಗೊಂಡ ವಿಧಾನವನ್ನು ನಾಗಪುರದ ಸಂಶೋಧಕರು ಹೊರಡಿಸಿ ದಶಕಗಳೇ ಸಂದವು. ಸರಕಾರವು ಊರೂರಿಗೆ ಶುದ್ಧ ನೀರಿನ ಘಟಕಗಳನ್ನು ಕಟ್ಟಿತು, ನಿಜ. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಉಳಿಯುವದು ಉದ್ಘಾಟನೆಯ ಫಲಕ ಮಾತ್ರ! ಮೇಲಾಗಿ, ಕುಡಿಯಲು ಘಟಕದ ನೀರು ತಂದವರು ಅನ್ನಕ್ಕೂ ಸಾರಿಗೂ ಕೊಳವೆಯ ನೀರನ್ನೇ ಸುರಿದರೆ ಫಲವೇನು?

ತುಂಗಭದ್ರೆ ಹರಿಯುವದು ಮುಂಡರಗಿ ತಾಲೂಕಿನ ಅಂಚಿನಲ್ಲಿಯೇ. ಗದಗ-ಬೆಟಗೇರಿಯ ನಾವು ಕುಡಿಯುವದೂ ಅಲ್ಲಿಂದ ಬಂದ ನೀರನ್ನೇ. ಅದು ಸಾಲದೆಂದು, ತಡವಾಗಿ ಬಂತೆಂದು ನಾವು ಗೊಣಗುವೆವು. ಹೊಳೆಯ ನೆರೆಯ ಹಳ್ಳಿಗನು ಕಲ್ಲಿನಡಿಯ ನೀರನ್ನು ಕುಡಿದು ಕುಗ್ಗಿದರೆ ಪಟ್ಟಣಿಗರು ಸುಮ್ಮನಿರುವದು ನ್ಯಾಯವೆ? ಶುದ್ಧವಾದ ನೀರು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ, ಬಿಹಾರದ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಆದ್ದರಿಂದ ನಾವು ಬೇಡುವದು ಭಿಕ್ಷೆಯಲ್ಲ.

ಹೊಳೆಯ ನೀರು ಪ್ರತಿಯೊಂದು ಮನೆಯ ಒಲೆಯವರೆಗೆ ಮುಟ್ಟಲಿ. ಅಲ್ಲಿಯವರೆಗೆ ಪ್ರತಿಯೊಂದು ಕೊಳವೆ ಬಾವಿಯ ಬಳಿ ಅದರ ಫ್ಲೋರೈಡಿನ ಪ್ರಮಾಣವನ್ನೂ ಪರೀಕ್ಷೆಯ ದಿನಾಂಕವನ್ನೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಿಸಲಿ. ಶಾಲಾ ಮಾಸ್ತರರು ತಮ್ಮ ಶಾಲೆಯ ನೀರಿನ ಅಂಕಿಯನ್ನು ಪಂಚಾಯತಿಗೆ ಬರೆದು ಕೇಳಲಿ. ಉತ್ತರ ಬಾರದಿದ್ದರೆ ಮತ್ತೆ ಕೇಳಲಿ, ಆ ಕಾಗದದ ಪ್ರತಿಯನ್ನು ನಮಗೂ ಕಳಿಸಲಿ.